ಬಲ್ಬ್ ಬದಲಾಯಿಸಿದರೂ ಹೋಗದ ಸಂದೇಶ: ಒಂದು ಬ್ರೇಕ್ ಲೈಟ್ ಪ್ರಕರಣ

ಕಾರಿನ ಮಾಲೀಕರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ, ಅವರು ಹೋದ ಅಂಗಡಿ, ಗ್ಯಾರೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಅವು ಗೊತ್ತಾಗದಿದ್ದರೂ ಓದುಗರಿಗೆ ನಷ್ಟವಿಲ್ಲ. ಇಂಥ ದೋಷ ಯಾವ ಕಂಪನಿಯ ಕಾರಿನಲ್ಲಾದರೂ ಬರಬಹುದು. ಅದನ್ನು ಹುಡುಕುವ ದಾರಿಯೂ ಹೆಚ್ಚುಕಡಿಮೆ ಒಂದೇ.

ಹಿನ್ನೆಲೆ

ಮಾಲೀಕರು ಕರಾವಳಿಯ ಒಂದು ಪಟ್ಟಣದಲ್ಲಿರುವ ನಿವೃತ್ತ ನೌಕರರು. ಕಾರು ಯುರೋಪಿನ ಕಂಪನಿಯದು. ಪೆಟ್ರೋಲ್, ಆಟೋಮ್ಯಾಟಿಕ್ ಗೇರು, ಸುಮಾರು ಹತ್ತು ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಮನೆಗೆ ಸಮುದ್ರ ಹತ್ತಿರ. ಕಾರು ನಿಲ್ಲುವುದು ಶೀಟು ಹಾಕಿದ, ಮೂರು ಕಡೆ ಗೋಡೆಯಿಲ್ಲದ ಶೆಡ್ಡಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಹಿಂಭಾಗಕ್ಕೆ ಇರಚಲು ಹೊಡೆಯುತ್ತಲೇ ಇರುತ್ತದೆ. ಉಳಿದ ತಿಂಗಳು ಉಪ್ಪುಗಾಳಿ. ಈ ಎರಡು ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತವೆ.

ಮಳೆಗಾಲದ ಮಧ್ಯದಲ್ಲಿ ಒಂದು ರಾತ್ರಿ ಪೇಟೆಯಿಂದ ಮನೆಗೆ ಬರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಅಕ್ಷರದಲ್ಲಿ ‘ಚೆಕ್ ಲೆಫ್ಟ್ ಬ್ರೇಕ್ ಲೈಟ್’ ಎಂದು ಬಂತು. ಮಾಲೀಕರು ಗಾಬರಿಯಾದರು. ಕಣ್ಣಿಗೆ ಬಿದ್ದದ್ದು ‘ಬ್ರೇಕ್’ ಅನ್ನುವ ಪದ ಮಾತ್ರ. ಬ್ರೇಕೇ ಹೋಗುತ್ತಿದೆ ಅಂದುಕೊಂಡು ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿ, ಆಟೋ ಹಿಡಿದು ಮನೆಗೆ ಬಂದರು.

ಈ ಗೊಂದಲ ಬಹಳ ಜನರಿಗೆ ಆಗುತ್ತದೆ. ಕೆಂಪು ಬಣ್ಣದಲ್ಲಿ, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ದೀಪ ಬಂದರೆ ಅದು ಬ್ರೇಕಿಗೆ ಸಂಬಂಧಿಸಿದ್ದು. ಹ್ಯಾಂಡ್‌ಬ್ರೇಕ್ ಬಿಟ್ಟಿಲ್ಲ, ಅಥವಾ ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಅರ್ಥ. ಹ್ಯಾಂಡ್‌ಬ್ರೇಕ್ ಇಳಿಸಿದರೂ ಅದು ಆರದಿದ್ದರೆ ಗಾಡಿ ಓಡಿಸಬಾರದು. ಎಬಿಎಸ್ ಎಂದು ಬರೆದ ಹಳದಿ ದೀಪ ಬೇರೆ, ಅದು ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯದು. ಈ ಪ್ರಕರಣದಲ್ಲಿ ಬಂದದ್ದು ಮೂರನೆಯದು: ಹಿಂದಿನ ದೀಪದ ಬಗ್ಗೆ ಬರುವ ಸಂದೇಶ. ಕಾರು ನಿಲ್ಲುತ್ತದೆ. ಆದರೆ ನಿಲ್ಲುತ್ತಿದೆ ಎಂದು ಹಿಂದಿನವನಿಗೆ ಸರಿಯಾಗಿ ಕಾಣುತ್ತಿಲ್ಲ. ಮಳೆಯ ರಾತ್ರಿ, ಹೆದ್ದಾರಿಯಲ್ಲಿ, ಹಿಂದೆ ಲಾರಿ ಇದ್ದರೆ ಇದೂ ಸಣ್ಣ ಮಾತಲ್ಲ.

ಮಾರನೇ ದಿನ ಬೆಳಿಗ್ಗೆ ಮಗಳು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದಳು. ಮಿನಿಮಮ್, ಮ್ಯಾಕ್ಸಿಮಮ್ ಗೆರೆಗಳ ಮಧ್ಯೆ ಸರಿಯಾಗಿತ್ತು. ಪೆಡಲ್ ಗಟ್ಟಿಯಾಗಿತ್ತು. ಕಾರನ್ನು ಮನೆಗೆ ತಂದರು.

ಸಮಸ್ಯೆ ಎಲ್ಲಿ ಜಟಿಲವಾಯಿತು

ಮನೆಗೆ ತಂದು ಬ್ರೇಕ್ ಒತ್ತಿ ನೋಡಿದರೆ ಎಡ, ಬಲ, ಮೇಲಿನ ಮೂರನೇ ದೀಪ, ಎಲ್ಲವೂ ಉರಿಯುತ್ತಿದ್ದವು. ಸಂದೇಶವೂ ಇರಲಿಲ್ಲ. ಎರಡು ದಿನ ಏನೂ ಆಗಲಿಲ್ಲ. ಮತ್ತೆ ಒಂದು ಸಂಜೆ ಬಂತು. ಗಾಡಿ ಆಫ್ ಮಾಡಿ ಆನ್ ಮಾಡಿದರೆ ಹೋಯಿತು.

ಬಂದುಹೋಗುವ ದೋಷಕ್ಕೆ ತಾಳ್ಮೆ ಬೇಕು. ಬಲ್ಬ್ ಸುಟ್ಟಿದ್ದರೆ ಅದು ಸುಟ್ಟೇ ಇರುತ್ತದೆ, ಅಲ್ವಾ? ಒಮ್ಮೆ ಉರಿದು ಒಮ್ಮೆ ದೂರು ಬರುತ್ತಿದ್ದರೆ ಅನುಮಾನ ಬೇರೆ ಕಡೆ ತಿರುಗಬೇಕು. ಆದರೆ ಮೊದಲು ಎಲ್ಲರೂ ಮಾಡುವುದು ಬಲ್ಬ್ ಬದಲಾವಣೆಯೇ. ಅದರಲ್ಲಿ ತಪ್ಪೇನಿಲ್ಲ. ಅಗ್ಗದ ಕೆಲಸ, ಐದು ನಿಮಿಷದ್ದು.

ಆ ಕಾರಿನಲ್ಲಿ ಬ್ರೇಕ್ ಲೈಟಿಗೂ ಪಾರ್ಕಿಂಗ್ ಲೈಟಿಗೂ ಒಂದೇ ಬಲ್ಬ್. ಒಳಗೆ ಎರಡು ತಂತಿ: ಒಂದು 21 ವ್ಯಾಟ್, ಇನ್ನೊಂದು 5 ವ್ಯಾಟ್. ಬಲ್ಬಿನ ಬುಡದ ಎರಡು ಮೊಳೆಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ, ಉಲ್ಟಾ ಹಾಕಲು ಆಗಬಾರದು ಅಂತ. ಮಾಲೀಕರು ಸರಿಯಾದ ಬಲ್ಬನ್ನೇ ತಂದು ಸರಿಯಾಗಿಯೇ ಹಾಕಿದರು. ಸಂದೇಶ ನಾಲ್ಕೈದು ದಿನ ಬರಲಿಲ್ಲ. ಮುಗಿಯಿತು ಅಂದುಕೊಂಡರು. ಮತ್ತೆ ಬಂತು.

ಮಧ್ಯೆ ಆ ನಾಲ್ಕೈದು ದಿನ ಯಾಕೆ ಸುಮ್ಮನಿತ್ತು ಎನ್ನುವುದನ್ನು ಆಗ ಯಾರೂ ಕೇಳಲಿಲ್ಲ. ಬಲ್ಬ್ ಬದಲಾಯಿಸಲು ಹೋಲ್ಡರ್ ಇರುವ ತಟ್ಟೆಯನ್ನು, ವೈರುಗಳ ತುದಿಯ ಪ್ಲಗ್ ಆದ ಕಪ್ಲರ್‌ನಿಂದ ಬಿಚ್ಚಿ ಮತ್ತೆ ಸಿಕ್ಕಿಸಬೇಕು. ಹಾಗೆ ಸಿಕ್ಕಿಸುವಾಗ ಪಿನ್ನುಗಳು ಒಂದಕ್ಕೊಂದು ಉಜ್ಜಿ ಕೊಂಚ ಹೊಳಪಾಗುತ್ತವೆ. ಹೊಸ ಬಲ್ಬಿನಿಂದ ಸರಿಹೋಯಿತು ಅಂತ ಕಂಡದ್ದು ಆ ಉಜ್ಜುವಿಕೆಯಿಂದ. ನಂತರ ಅಂಗಡಿಯ ಸಲಹೆಯಂತೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದಾಗಲೂ ಹೀಗೇ ಆಯಿತು. ವಾರದ ಮಟ್ಟಿಗೆ ಶಾಂತಿ, ಆಮೇಲೆ ಅದೇ ಸಂದೇಶ.

ಎಲ್‌ಇಡಿ ಹಾಕಿದಾಗ

ಸ್ಪೇರ್ ಪಾರ್ಟ್ಸ್ ಅಂಗಡಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಎಲ್‌ಇಡಿ ಹಾಕಿ ಸಾರ್, ಬಾಳಿಕೆ ಜಾಸ್ತಿ, ಬೆಳಕೂ ಜಾಸ್ತಿ.” ಎರಡೂ ಕಡೆಗೆ ಹಾಕಿದರು. ಸಂದೇಶ ಈಗ ಎಡಕ್ಕೂ ಬಂತು, ಬಲಕ್ಕೂ ಬಂತು, ಹೋಗಲೇ ಇಲ್ಲ.

ಇದು ಆಗಲೇಬೇಕಿತ್ತು. ಕಾರಿನ ಕಂಪ್ಯೂಟರಿಗೆ ಕಣ್ಣಿಲ್ಲ. ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ಆ ದಾರಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯುತ್ತದೆ, ಅಷ್ಟೇ. 21 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಅದರಲ್ಲಿ ಚಿಕ್ಕ ಪಾಲು ಮಾತ್ರ ಎಳೆಯುತ್ತದೆ. ಕರೆಂಟ್ ಕಡಿಮೆ ಕಂಡ ಕೂಡಲೇ ಕಂಪ್ಯೂಟರ್ ಬಲ್ಬ್ ಹೋಗಿದೆ ಎನ್ನುತ್ತದೆ. ಕೆಲವು ಕಾರುಗಳು ದೀಪ ಆರಿರುವಾಗಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಮಿಡಿತಗಳನ್ನು ಕಳಿಸಿ ಬಲ್ಬ್ ಇದೆಯೇ ಎಂದು ಪರೀಕ್ಷಿಸುತ್ತವೆ. ಎಲ್‌ಇಡಿ ಆ ಮಿಡಿತಕ್ಕೇ ಮಿಣುಕುವುದೂ ಉಂಟು.

ಇದಕ್ಕೆ ಪರಿಹಾರವಾಗಿ ‘ಕ್ಯಾನ್‌ಬಸ್’ ಎಲ್‌ಇಡಿ ಮಾರುತ್ತಾರೆ. ಅದರೊಳಗೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಬೆಳಕಿಗೆ ಬೇಡವಾದ ಕರೆಂಟನ್ನು ಸುಮ್ನೆ ಬಿಸಿ ಮಾಡಿ ಕಳೆಯುವುದೇ ಅದರ ಕೆಲಸ. ಅಂಗಡಿಯವನು ಮುಂದೆ ಅದನ್ನೇ ಕೊಡಲು ಹೊರಟ. ಇಲ್ಲಿ ಮಾಲೀಕರು ಬೇಡ ಎಂದರು, ಹಳೆಯ ಬಲ್ಬಿಗೇ ಮರಳಿದರು. ಈ ಪ್ರಕರಣದ ಮೊದಲ ಒಳ್ಳೆಯ ನಿರ್ಧಾರ ಇದು. ಅದರ ಬೆಲೆ ಆಮೇಲೆ ಗೊತ್ತಾಯಿತು. ದೋಷ ಇದ್ದದ್ದು ಬಿಸಿಯಾಗುತ್ತಿದ್ದ ಒಂದು ಪಿನ್ನಿನಲ್ಲಿ. ರೆಸಿಸ್ಟರ್ ಹಾಕಿದ್ದರೆ ಸಂದೇಶ ಹೋಗಬಹುದಿತ್ತು, ಆದರೆ ಅದೇ ಪಿನ್ನಿನ ಮೂಲಕ ಅಷ್ಟೇ ಕರೆಂಟ್ ಹರಿದು ಅದು ಸುಡುತ್ತಲೇ ಇರುತ್ತಿತ್ತು.

ಗ್ಯಾರೇಜಿನ ಎರಡು ಸಲಹೆ

ಪಟ್ಟಣದ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಯಂತ್ರ) ಹಾಕಿದರು. ಎಡ ಬ್ರೇಕ್ ಲೈಟ್ ಸರ್ಕ್ಯೂಟ್ ದೋಷ ಎಂದು ಬಂತು. ಡ್ಯಾಶ್‌ಬೋರ್ಡ್ ಹೇಳಿದ್ದನ್ನೇ ಅದು ಇನ್ನೊಂದು ರೀತಿಯಲ್ಲಿ ಹೇಳಿತ್ತು. ಅವರು ಎರಡು ದಾರಿ ಕೊಟ್ಟರು. ಒಂದು, ಎಡಗಡೆಯ ಇಡೀ ಟೈಲ್ ಲ್ಯಾಂಪ್ ಬದಲಿಸುವುದು. ಅದು ಐದಂಕಿಯ ಖರ್ಚು. ಇನ್ನೊಂದು, ಬಲ್ಬ್ ಪರೀಕ್ಷೆಯನ್ನೇ ಸ್ಕ್ಯಾನರ್‌ನಿಂದ ಆಫ್ ಮಾಡಿಬಿಡುವುದು. ಅದು ಬಹಳ ಅಗ್ಗ, ಸಂದೇಶ ಮತ್ತೆಂದೂ ಬರುವುದಿಲ್ಲ.

ಎರಡನೆಯದಕ್ಕೆ ಮಾಲೀಕರ ಮನಸ್ಸು ಸ್ವಲ್ಪ ವಾಲಿತ್ತು. ದೀಪ ಹೇಗಿದ್ದರೂ ಉರಿಯುತ್ತಿದೆಯಲ್ಲ ಎನ್ನುವುದು ಅವರ ವಾದ. ಮಗಳು ಒಪ್ಪಲಿಲ್ಲ. “ಅಪ್ಪ, ನಾಳೆ ನಿಜವಾಗಿ ಬಲ್ಬ್ ಹೋದ್ರೆ ನಮಗೆ ಹೇಳೋರು ಯಾರು?” ಎಂದಳು. ಅವಳ ಮಾತು ಸರಿ. ಬ್ರೇಕ್ ಲೈಟನ್ನು ಓಡಿಸುವವನು ಎಂದೂ ನೋಡುವುದಿಲ್ಲ. ಅದು ಹಿಂದಿನವರಿಗಾಗಿ ಇರುವ ದೀಪ. ಅದರ ಬಗ್ಗೆ ನಮಗೆ ಸುದ್ದಿ ತರುವ ಒಂದೇ ದಾರಿಯನ್ನು ಮುಚ್ಚುವುದಕ್ಕೆ ನಾನೂ ಎಂದೂ ಒಪ್ಪುವುದಿಲ್ಲ.

ಈ ಹಂತದಲ್ಲಿ ಅವರು ನನಗೆ ಫೋನ್ ಮಾಡಿದರು.

ಗೋಡೆಯ ಮೇಲೆ ಕಂಡದ್ದು

ನಾನು ಮೊದಲು ಕೇಳಿದ್ದು ಸಂದೇಶ ಯಾವಾಗ ಬರುತ್ತದೆ ಎಂದು. ಎಲ್ಲವೂ ಸಂಜೆ ಅಥವಾ ರಾತ್ರಿ. ಹೆಚ್ಚಿನವು ಮನೆಯ ಕಡೆಗೆ ಎಡಕ್ಕೆ ತಿರುಗುವ ಜಾಗದಲ್ಲಿ. ಅಂದರೆ ಪಾರ್ಕಿಂಗ್ ಲೈಟ್ ಉರಿಯುತ್ತಿರುವಾಗ, ಎಡ ಇಂಡಿಕೇಟರ್ ಹಾಕಿ, ಬ್ರೇಕ್ ಒತ್ತಿದಾಗ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಸ್ವಿಚ್ಚಿನ ಅನುಮಾನವನ್ನು ಫೋನಿನಲ್ಲೇ ಬಿಟ್ಟೆವು. ಬ್ರೇಕ್ ಪೆಡಲ್ ಹತ್ತಿರ ಇರುವ ಸ್ವಿಚ್ ಹಾಳಾದರೆ ಮೂರೂ ದೀಪಕ್ಕೆ ತೊಂದರೆ ಆಗಬೇಕು, ಬರೀ ಎಡಕ್ಕಲ್ಲ. ಜೊತೆಗೆ ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತಿದ ಸುದ್ದಿ ಸಿಗದಿದ್ದರೆ ಗೇರು ಪಾರ್ಕಿಂಗ್‌ನಿಂದ ಹೊರಗೆ ಬರುವುದಿಲ್ಲ. ಇವರ ಗೇರು ಸರಾಗವಾಗಿ ಬರುತ್ತಿತ್ತು. ಹಾಗೆಯೇ ಎಡ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲುಬದಲು ಮಾಡಲು ಹೇಳಿದೆ. ಸಂದೇಶ ಎಡಕ್ಕೇ ಉಳಿಯಿತು. ಬಲ್ಬ್ ನಿರ್ದೋಷಿ.

ಆಮೇಲೆ ಕತ್ತಲಾಗುವ ಹೊತ್ತಿಗೆ ಕಾರನ್ನು ಕಾಂಪೌಂಡ್ ಗೋಡೆಗೆ ಹಿಂಭಾಗ ಮಾಡಿ, ಒಂದು ಮೀಟರ್ ದೂರದಲ್ಲಿ ನಿಲ್ಲಿಸಲು ಹೇಳಿದೆ. ದೀಪವನ್ನೇ ನೇರವಾಗಿ ನೋಡಿದರೆ ಕಣ್ಣು ಕೋರೈಸುತ್ತದೆ, ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೋಡೆಯ ಮೇಲೆ ಬೀಳುವ ಎರಡು ಕೆಂಪು ಬೆಳಕನ್ನು ಹೋಲಿಸುವುದು ಸುಲಭ. ಮಾಲೀಕರು ಒಳಗೆ ಕೂತು ಬ್ರೇಕ್ ಒತ್ತಿದರು, ಮಗಳು ಹೊರಗೆ ನಿಂತು ನೋಡಿದಳು.

ಬರೀ ಬ್ರೇಕ್ ಒತ್ತಿದಾಗ ಎಡದ ಬೆಳಕು ಬಲಕ್ಕಿಂತ ಕೊಂಚ ಮಂಕು. ಪಾರ್ಕಿಂಗ್ ಲೈಟ್ ಸೇರಿಸಿದಾಗ ಇನ್ನಷ್ಟು ಮಂಕು. ಎಡ ಇಂಡಿಕೇಟರ್ ಹಾಕಿದ ಕೂಡಲೇ ಅವಳು ಕೂಗಿದಳು: “ಅಪ್ಪ, ಇಂಡಿಕೇಟರ್ ಹತ್ತಿದಾಗೆಲ್ಲ ಬ್ರೇಕ್ ಲೈಟ್ ಇಳೀತಾ ಇದೆ!”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಇಂಡಿಕೇಟರಿಗೂ ಬ್ರೇಕ್ ಲೈಟಿಗೂ ಕರೆಂಟ್ ಬರುವ ವೈರುಗಳು ಬೇರೆ ಬೇರೆ. ಒಂದು ಹತ್ತಿದರೆ ಇನ್ನೊಂದು ಮಂಕಾಗಲು ಕಾರಣವೇ ಇಲ್ಲ, ಎರಡಕ್ಕೂ ಸೇರಿದ ಒಂದು ವಸ್ತುವನ್ನು ಬಿಟ್ಟರೆ. ಆ ವಸ್ತು ಅರ್ಥ್. ಆ ಲ್ಯಾಂಪಿನ ಎಲ್ಲ ಬಲ್ಬುಗಳ ಕರೆಂಟೂ ಒಂದೇ ಅರ್ಥ್ ಪಿನ್ನಿನಿಂದ ಕಾರಿನ ಲೋಹದ ಬಾಡಿಗೆ ಮರಳುತ್ತದೆ. ಅಡುಗೆಮನೆಯಿಂದಲೂ ಬಚ್ಚಲಿನಿಂದಲೂ ನೀರು ಹೊರಗೆ ಹೋಗುವ ಪೈಪು ಒಂದೇ ಆಗಿದ್ದು, ಅದು ಅರ್ಧ ಕಟ್ಟಿಕೊಂಡರೆ ಏನಾಗುತ್ತದೆ? ಒಂದು ಕಡೆ ನೀರು ಬಿಟ್ಟರೆ ಹೇಗೋ ಇಳಿಯುತ್ತದೆ. ಎರಡೂ ಕಡೆ ಬಿಟ್ಟರೆ ನಿಂತುಬಿಡುತ್ತದೆ. ಇಲ್ಲಿ ಆಗುತ್ತಿದ್ದದ್ದೂ ಅದೇ. ರಾತ್ರಿ, ಎಡ ತಿರುವು, ಬ್ರೇಕ್, ಮೂರೂ ಸೇರಿದಾಗಲೇ ಹೆಚ್ಚಾಗಿ ಸಂದೇಶ ಬರುತ್ತಿದ್ದದ್ದು ಯಾಕೆ ಎಂದು ಆಗ ಅರ್ಥವಾಯಿತು.

ಮಲ್ಟಿಮೀಟರ್ ಇಟ್ಟಾಗ

ಭಾನುವಾರ ನಾನು ಅವರ ಮನೆಗೆ ಹೋದೆ. ಅಷ್ಟರಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಮಲ್ಟಿಮೀಟರನ್ನು (ವೋಲ್ಟ್, ಕರೆಂಟ್ ಅಳೆಯುವ ಉಪಕರಣ) ಬೀಪ್ ಮೋಡಿನಲ್ಲಿಟ್ಟು ಅರ್ಥ್ ನೋಡಿ ಹೋಗಿದ್ದರು. ಬೀಪ್ ಬಂದಿತ್ತು. ಹಾಗಾಗಿ ಅರ್ಥ್ ಸರಿಯಿದೆ ಎಂದಿದ್ದರು. ಮನೆಯವರು ಇದರಿಂದ ಗೊಂದಲಕ್ಕೆ ಬಿದ್ದಿದ್ದರು.

ಬೀಪ್ ಪರೀಕ್ಷೆಯಲ್ಲಿ ಮಲ್ಟಿಮೀಟರ್ ಕಳಿಸುವ ಕರೆಂಟ್ ಬಹಳ ಚಿಕ್ಕದು. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ, ಪಿನ್ನಿನ ಒಂದು ಚುಕ್ಕಿ ತಾಗುತ್ತಿದ್ದರೂ ಬೀಪ್ ಬರುತ್ತದೆ. ದಾರಿ ಇದೆ ಎಂದಷ್ಟೇ ಅದು ಹೇಳುತ್ತದೆ. ಆ ದಾರಿ ನಾಲ್ಕು ಆಂಪಿಯರ್ ಹೊರುತ್ತದೆಯೇ ಎಂದು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಹೀಗೆ ಮಾಡಿದೆವು. ಇಂಜಿನ್ ಆಫ್, ಗೇರು ಪಾರ್ಕಿಂಗ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಪೆಡಲಿಗೂ ಸೀಟಿಗೂ ಮಧ್ಯೆ ಒಂದು ಕೋಲು ಕೊಟ್ಟೆವು. ಡಿಕ್ಕಿಯ ಒಳಗಿನ ಮುಚ್ಚಳ ತೆಗೆದು ಲ್ಯಾಂಪಿನ ಕಪ್ಲರ್ ಕಾಣುವ ಹಾಗೆ ಮಾಡಿದೆವು. ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿ. ಕಪ್ಪು ಕಡ್ಡಿ ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ.

ಕೆಂಪು ಕಡ್ಡಿಯನ್ನು ಬ್ರೇಕ್ ಲೈಟಿಗೆ ಕರೆಂಟ್ ಬರುವ ಪಿನ್ನಿಗೆ ಇಟ್ಟಾಗ 12.2 ವೋಲ್ಟ್. ಎಡಕ್ಕೂ ಬಲಕ್ಕೂ ಒಂದೇ. ಅಂದರೆ ಕರೆಂಟ್ ಬರುವ ದಾರಿ ಚೆನ್ನಾಗಿದೆ. ನಂತರ ಎಡ ಹೋಲ್ಡರ್ ತಟ್ಟೆಯ ಅರ್ಥ್ ಪಟ್ಟಿಗೆ ಇಟ್ಟೆವು. ಬಾಡಿಗೂ ಅದಕ್ಕೂ ವ್ಯತ್ಯಾಸ ಇರಲೇಬಾರದು. ಇದ್ದರೂ 0.1 ವೋಲ್ಟ್ ಒಳಗಿರಬೇಕು. ಬರೀ ಬ್ರೇಕ್ ಲೈಟ್ ಉರಿಯುವಾಗ 0.9 ಬಂತು. ಪಾರ್ಕಿಂಗ್ ಲೈಟ್, ಇಂಡಿಕೇಟರ್ ಎರಡನ್ನೂ ಸೇರಿಸಿದಾಗ 2 ವೋಲ್ಟ್ ಹತ್ತಿರ ಹೋಯಿತು. ಕಪ್ಲರನ್ನು ಬೆರಳಿನಿಂದ ಸ್ವಲ್ಪ ಅಲುಗಾಡಿಸಿದರೆ ಅಂಕಿ ಇನ್ನೂ ಮೇಲೆ ಜಿಗಿಯುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಹೋಗುವಾಗ ಹೀಗೆ ಜಿಗಿದರೆ ಕಂಪ್ಯೂಟರ್ ದೂರು ಕೊಡದೆ ಇರುತ್ತದೆಯೇ?

2 ವೋಲ್ಟ್ ಅಂದರೆ ಕಡಿಮೆ ಅಂತ ಅನ್ನಿಸಬಹುದು. ತಂತಿಯ ಬಲ್ಬಿನಲ್ಲಿ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. 2 ವೋಲ್ಟ್ ಹೋದಾಗ ಉಳಿಯುವುದು ಹೆಚ್ಚುಕಡಿಮೆ ಅರ್ಧ ಬೆಳಕು. ಮಾಲೀಕರು ‘ಉರಿಯುತ್ತಿದೆಯಲ್ಲ’ ಎಂದಿದ್ದ ದೀಪ, ಮಳೆಯ ರಾತ್ರಿ ತಿರುವಿನಲ್ಲಿ, ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ, ಅರ್ಧಕ್ಕೆ ಇಳಿಯುತ್ತಿತ್ತು.

ಇನ್ನು ಜಾಗ ಹುಡುಕುವುದು. ಅರ್ಥ್ ದಾರಿಯಲ್ಲಿ ಹಂತ ಹಂತವಾಗಿ ಹಿಂದಕ್ಕೆ ಹೋದೆವು. ಡಿಕ್ಕಿಯ ಒಳಗೆ ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟಿನಲ್ಲಿ 0.02 ವೋಲ್ಟ್. ಅಲ್ಲಿ ಚೆನ್ನಾಗಿದೆ. ಕಪ್ಲರ್ ಹಿಂಬದಿಯಿಂದ ಅರ್ಥ್ ವೈರಿನ ಪಕ್ಕ ತೆಳು ಸೂಜಿ ತೂರಿಸಿ ನೋಡಿದಾಗ 0.03. ಅಲ್ಲೂ ಚೆನ್ನಾಗಿದೆ. ಕಪ್ಲರಿನ ಈಚೆ ಬದಿ, ತಟ್ಟೆಯ ಪಿನ್ನಿನಲ್ಲಿ 0.9. ಒಂದು ಬೆರಳಿನ ಅಗಲದೊಳಗೆ ಇಡೀ ದೋಷ ಸಿಕ್ಕಿತು.

ಕಪ್ಲರ್ ಬಿಚ್ಚಿ ಟಾರ್ಚ್ ಹಾಕಿದಾಗ ಅರ್ಥ್ ಪಿನ್ ಮಾತ್ರ ಕಪ್ಪಾಗಿತ್ತು. ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಲ್ಪ ವಾಲಿತ್ತು. ಬುಡದಲ್ಲಿ ಹಸಿರು ಕಿಲುಬು. ಲ್ಯಾಂಪಿನ ಸುತ್ತ ಇರುವ ಸ್ಪಂಜಿನ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಒಳಗೆ ನೀರಿನ ಕಲೆ ಕೆಳಗಿನವರೆಗೂ ಇಳಿದಿತ್ತು. ನೀರು ಇಳಿದು ಕಿಲುಬು ಕಟ್ಟಿದೆ. ಕಿಲುಬಿನಿಂದ ತಡೆ ಹೆಚ್ಚಿ ಪಿನ್ ಬಿಸಿಯಾಗಿದೆ. ಬಿಸಿಗೆ ಪಿನ್ನಿನ ಸ್ಪ್ರಿಂಗ್ ಹಿಡಿತ ಸಡಿಲವಾಗಿದೆ. ಸಡಿಲವಾದ್ದರಿಂದ ತಡೆ ಇನ್ನೂ ಹೆಚ್ಚಿದೆ. ಒಮ್ಮೆ ಶುರುವಾದರೆ ಇದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕ್ಲೀನರ್ ಹೊಡೆದರೆ ಕಿಲುಬು ಹೋಗುತ್ತದೆ, ಆದರೆ ಹೋದ ಹಿಡಿತ ಮರಳುವುದಿಲ್ಲ. ವಾರದೊಳಗೆ ಸಂದೇಶ ಮರಳುತ್ತಿದ್ದದ್ದು ಅದಕ್ಕೇ.

ರಿಪೇರಿ

ಇಡೀ ಲ್ಯಾಂಪ್ ಬದಲಿಸುವ ಅಗತ್ಯ ಇರಲಿಲ್ಲ. ಬಲ್ಬುಗಳು ಕೂರುವ ಹೋಲ್ಡರ್ ತಟ್ಟೆ ಮಾತ್ರ ಬೇರೆಯಾಗಿ ಸಿಗುತ್ತದೆ. ಪಟ್ಟಣದಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಪರಿಚಯದವರು ಹುಡುಕಿ, ವೈರ್ ಸಮೇತ ಕಪ್ಲರಿನ ತುಂಡನ್ನೂ ತಟ್ಟೆಯನ್ನೂ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದರು. ಅದು ಬರುವವರೆಗೆ ಮಾಲೀಕರು ಕತ್ತಲಾದ ಮೇಲೆ ಕಾರು ತೆಗೆಯಲಿಲ್ಲ. ಇದನ್ನು ಯಾರೂ ಒತ್ತಾಯ ಮಾಡಿರಲಿಲ್ಲ, ಅವರೇ ತೀರ್ಮಾನಿಸಿದರು.

ಒಂದು ವಿಷಯದಲ್ಲಿ ನಮ್ಮಲ್ಲಿ ಚರ್ಚೆ ಆಯಿತು. ಹೊಸ ಪಿನ್ ಹಾಕಿದರೆ ಸಾಕೇ, ಅಥವಾ ಇನ್ನೊಂದು ಅರ್ಥ್ ದಾರಿಯನ್ನೂ ಕೊಡಬೇಕೇ? ಹೊಸ ಪಿನ್ನೂ ಅದೇ ಗಾತ್ರದ್ದು, ಅದೇ ಉಪ್ಪುಗಾಳಿ, ಅಷ್ಟೇ ಕರೆಂಟ್. ನಾನು ಇನ್ನೊಂದು ವೈರ್ ಬೇಕೇ ಬೇಕು ಎಂದೆ. ತಟ್ಟೆಯ ಅರ್ಥ್ ಪಟ್ಟಿಗೆ 1.5 ಚದರ ಮಿಲಿಮೀಟರ್ ವೈರನ್ನು ಬೆಸುಗೆ ಹಾಕಿ, ಇನ್ನೊಂದು ತುದಿಗೆ ಉಂಗುರದ ಲಗ್ ಒತ್ತಿ, ಡಿಕ್ಕಿಯ ಅರ್ಥ್ ಬೋಲ್ಟಿಗೇ ಸೇರಿಸಿದೆವು. ಬೆಸುಗೆಯನ್ನು ತಟ್ಟೆ ಕಾರಿನಿಂದ ಹೊರಗಿರುವಾಗಲೇ, ಪ್ಲಾಸ್ಟಿಕ್‌ಗೆ ಬಿಸಿ ತಾಗದ ಹಾಗೆ ಬೇಗ ಮುಗಿಸಬೇಕು. ಈ ಕೈಚಳಕ ಇಲ್ಲದವರು ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸುವುದು ಲೇಸು. ಎಲ್ಲಿ ದೋಷ ಇದೆ ಎಂದು ಬೆರಳಿಟ್ಟು ತೋರಿಸಿದರೆ ಅವರಿಗೆ ಅದು ಅರ್ಧ ಗಂಟೆಯ ಕೆಲಸ. ಕಪ್ಲರಿನ ಹೊಸ ತುಂಡನ್ನು ಇಲ್ಲೂ ಎಲೆಕ್ಟ್ರಿಷಿಯನ್ನರೇ ಜೋಡಿಸಿದರು. ಬೀಪ್ ನೋಡಿ ಹೋಗಿದ್ದವರೇ ಅವರು. ಉರಿಯುವಾಗ ಅಳೆಯುವ ಕ್ರಮವನ್ನು ಆಸಕ್ತಿಯಿಂದ ನೋಡಿಕೊಂಡರು.

ಗ್ಯಾಸ್ಕೆಟ್ ಹೊಸದು ಹಾಕಿ, ಪೈಪಿನಿಂದ ನೀರು ಬಿಟ್ಟು ಒಳಗೆ ಬರುತ್ತಿಲ್ಲ ಎಂದು ಖಚಿತ ಮಾಡಿಕೊಂಡೆವು. ನೀರು ನಿಲ್ಲಿಸದೆ ಪಿನ್ ಮಾತ್ರ ಬದಲಿಸಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕತೆ ಮತ್ತೆ ಶುರುವಾಗುತ್ತಿತ್ತು.

ಎಲ್ಲ ದೀಪ ಒಟ್ಟಿಗೆ ಉರಿಸಿ ಮತ್ತೆ ಅಳೆದಾಗ ಅರ್ಥ್ ಪಟ್ಟಿಯಲ್ಲಿ 0.05 ವೋಲ್ಟ್. ಗೋಡೆಯ ಮೇಲೆ ಎರಡೂ ಬೆಳಕು ಸಮ. ಇಂಡಿಕೇಟರ್ ಮಿಣುಕಿದರೂ ಬ್ರೇಕ್ ಲೈಟ್ ಅಲುಗಲಿಲ್ಲ. ಸಂದೇಶ ತಾನಾಗಿಯೇ ಹೋಯಿತು. ಕಾರಿನ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ದಾಖಲೆಯನ್ನು ಆಮೇಲೆ ಸ್ಕ್ಯಾನರಿನಿಂದ ಅಳಿಸಿದರು.

ಇದರಿಂದ ತಿಳಿದದ್ದು

ಈ ಪ್ರಕರಣದಲ್ಲಿ ಕಾರಿನ ಸಂದೇಶ ಸುಳ್ಳು ಹೇಳಿರಲಿಲ್ಲ. ‘ಎಡ ಬ್ರೇಕ್ ಲೈಟಿನ ದಾರಿಯಲ್ಲಿ ಕರೆಂಟ್ ಸರಿಯಿಲ್ಲ’ ಎಂದಿತ್ತು. ಅದನ್ನು ಎಲ್ಲರೂ ‘ಬಲ್ಬ್ ಕೆಟ್ಟಿದೆ’ ಎಂದು ಓದಿದರು. ಆ ದಾರಿಯಲ್ಲಿ ಬಲ್ಬ್ ಒಂದು ಭಾಗ ಮಾತ್ರ. ಹೋಲ್ಡರ್, ಪಿನ್, ವೈರ್, ಅರ್ಥ್ ಬೋಲ್ಟ್, ಇವೆಲ್ಲವೂ ಅದರಲ್ಲಿವೆ. ಹಳೆಯ ಕಾರಿನಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಬಲ್ಬ್ ಬದಲಿಸಿದ ಮೇಲೂ ಸಂದೇಶ ಬಂದರೆ ನಾನು ಮೊದಲು ಕೈ ಇಡುವುದು ಅರ್ಥ್ ಮೇಲೆ.

ಖರ್ಚಿಲ್ಲದ ಮೂರು ಕೆಲಸ ಇಲ್ಲಿ ಮುಕ್ಕಾಲು ದಾರಿ ತೋರಿಸಿದವು: ಸಂದೇಶ ಬರುವ ಹೊತ್ತನ್ನು ಗಮನಿಸಿದ್ದು, ಬಲ್ಬುಗಳನ್ನು ಅದಲುಬದಲು ಮಾಡಿದ್ದು, ಗೋಡೆಯ ಮೇಲೆ ಬೆಳಕು ನೋಡಿದ್ದು. ಇವುಗಳಿಗೆ ಮಲ್ಟಿಮೀಟರ್ ಕೂಡ ಬೇಡ. ಆದರೆ ಬಿಡಿಭಾಗ ಕೊಳ್ಳುವ ಮೊದಲು ಇವನ್ನು ಮಾಡಬೇಕು. ಇಲ್ಲಿ ಬಲ್ಬ್, ಕ್ಲೀನರ್, ಎಲ್‌ಇಡಿ ಎಲ್ಲ ಆದಮೇಲೆ ಇವು ಬಂದವು.

ಮನೆಯಲ್ಲಿ ನೋಡುವುದಕ್ಕೂ ಒಂದು ಮಿತಿ ಇದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬ್ರೇಕ್ ಲೈಟ್ ಆರದೆ ಉರಿಯುತ್ತಲೇ ಇದ್ದರೆ, ಅಥವಾ ಕೆಂಪು ಬ್ರೇಕ್ ದೀಪವೂ ಜೊತೆಗೆ ಬಂದರೆ ತಿಳಿದವರ ಕೈಗೆ ಕೊಡಬೇಕು. ಹೋದ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದ್ದನ್ನು ಹಾಕುವ ಅಭ್ಯಾಸ ಕೆಲವರಿಗಿದೆ. ಅದು ಬೆಂಕಿಗೆ ದಾರಿ.

ಕೆಲಸ ಮುಗಿದ ದಿನ ಹೊರಡುವ ಮೊದಲು ಬಲಗಡೆಯನ್ನೂ ಅಳೆದೆವು. ಸಂದೇಶ ಎಂದೂ ಬಲದ ಬಗ್ಗೆ ಬಂದಿರಲಿಲ್ಲ, ಎಲ್‌ಇಡಿ ಹಾಕಿದಾಗ ಬಿಟ್ಟರೆ. ಎಲ್ಲ ದೀಪ ಉರಿಸಿದಾಗ ಅಲ್ಲಿ 0.3 ವೋಲ್ಟ್ ಇತ್ತು. ಪ್ಲಾಸ್ಟಿಕ್ ಚೆನ್ನಾಗಿತ್ತು, ಪಿನ್ನಿನ ಅಂಚಿನಲ್ಲಿ ಮಾತ್ರ ಹಸಿರು ಶುರುವಾಗಿತ್ತು. ಬಲದ ಗ್ಯಾಸ್ಕೆಟ್ಟೂ ಎಡದಷ್ಟೇ ಹಳೆಯದು. ಮಾಲೀಕರು ಅಲ್ಲೇ ನಿಂತು ಜೆ.ಸಿ. ರೋಡಿನವರಿಗೆ ಫೋನ್ ಮಾಡಿ ಬಲದ ಗ್ಯಾಸ್ಕೆಟ್ ಹೇಳಿದರು. ಉಳಿದಿದ್ದ ವೈರಿನಿಂದ ಎಲೆಕ್ಟ್ರಿಷಿಯನ್ನರು ಆ ಕಡೆಗೂ ಇನ್ನೊಂದು ಅರ್ಥ್ ಎಳೆದು ಕೊಟ್ಟರು.